ಹೆಸರು ಹೇಳದ ಬೆಳ್ಯಪ್ಪನವರು

ಬೆಳ್ಯಪ್ಪನವರು ಸಪಾಟಾದ ರಸ್ತೆಯಲ್ಲೂ ಗುಡ್ಡ ಹತ್ತುವವರಂತೆ ನಡೆಯುತ್ತಿದ್ದರು. ಮೌಂಟನ್ ವ್ಯೂವಿನ ನಮ್ಮ ಅಪಾರ್ಟ್‌ಮೆಂಟಿನೆದುರು ಕಾರು ನಿಲ್ಲಿಸಿ, ಬಾಗಿಲವರೆಗಿನ ನಾಲ್ಕು ಮಾರು ದೂರವನ್ನು ಅವರು ಮೈ ಮುಂದಕ್ಕೆ ಬಾಗಿಸಿ, ಮೊಣಕಾಲೆತ್ತಿ ಎತ್ತಿ, ಗಂಭೀರವಾಗಿ ಕ್ರಮಿಸುವುದನ್ನು ಕಿಟಕಿಯಿಂದ ಕಂಡ ನನ್ನ ಹೆಂಡತಿ ನಿರುಪಮಾ, ಶಿಖರ ಮುಟ್ಟಿದರು, ಕಾಫಿಗಿಡಲೇ ಎಂದು ಕೇಳುತ್ತಿದ್ದಳು. ಮೈಮೇಲೆ ಸದಾ ಒಂದೇ ಮಣ್ಣುಬಣ್ಣದ ಕಾರ್ಡರಾಯ್ ಕೋಟು, ಅದರ ಬಲಭುಜದಲ್ಲಿ ಕೋವಿಯ ಹಿಡಿ ಒರಗಿಸಲೆಂದು ಹೊಲಿಸಿದ ಚರ್ಮದ ತೇಪೆ. ಗಣೇಶನ ಹಬ್ಬಕ್ಕೂ ಅದೇ, ಸೀಮಂತಕ್ಕೂ ಅದೇ. ವೃತ್ತಿಯಿಂದ ಅವರು ಕೌಂಟಿಯ ಸೇತುವೆಗಳ ಇಂಜಿನಿಯರು; ಪ್ರವೃತ್ತಿಯಿಂದ ಅಪ್ಪಟ ಕೊಡವರು.

ಇನ್ನೊಂದು ವೈಶಿಷ್ಟ್ಯವಿತ್ತು, ಅದು ನನಗೆ ಹುಚ್ಚು ಹಿಡಿಸುವಂಥದು. ತಮ್ಮ ಬಗ್ಗೆ ಎಷ್ಟು ಬೇಕಾದರೂ ಮಾತಾಡುವ ಈ ಮಹಾನುಭಾವರ ಬಾಯಿಂದ ಪರರ ವಿಷಯ ಒಂದಕ್ಷರವೂ ಹೊರಡುತ್ತಿರಲಿಲ್ಲ. ನಮ್ಮ ಕನ್ನಡದವರ ಕೂಟಗಳಲ್ಲಿ ಯಾರ ಸಂಬಳವೆಷ್ಟು, ಯಾರಿಗೆ ಗ್ರೀನ್ ಕಾರ್ಡು ಬಂತು, ಕ್ಯುಪರ್ಟಿನೋದಲ್ಲಿ ಯಾರು ಮನೆ ನೋಡುತ್ತಿದ್ದಾರೆ ಎಂಬುದೆಲ್ಲ ಸಾರ್ವಜನಿಕ ಆಸ್ತಿ. ಬೆಳ್ಯಪ್ಪನವರನ್ನು ಕೇಳಿದರೆ ಮಾತ್ರ, "ಅದು ಅವ್ರ ಮನೆ ವಿಷಯ ಮಾರಾಯ್ರೆ" ಎಂದು ಚಕ್ಕುಲಿಗೆ ಕೈ ಹಾಕುತ್ತಿದ್ದರು. ಇಂಥವರ ಜೊತೆ ಹರಟೆ ಹೊಡೆಯುವುದಾದರೂ ಹೇಗೆ, ಹೇಳಿ.

ಅವರಿಗೆ ಈ ದೇಶದಲ್ಲಿದ್ದ ಕೊರತೆ ಒಂದೇ, ಕೋವಿ. ಕೈಲ್ ಪೊಳ್ದ್ ಹಬ್ಬದಲ್ಲಿ ಕೊಡವರು ಕೋವಿಗೆ ಗಂಧ ಹಚ್ಚಿ, ನಳಿಗೆಯ ಬಾಯಿಗೆ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಕೋವಿಯಿಲ್ಲದ ಹಬ್ಬವೆಂದರೆ ಅವರ ಪಾಲಿಗೆ ಗಣೇಶನಿಲ್ಲದ ಚೌತಿ. ಅಂಗಡಿಯ ಹೊಸ ಕೋವಿಗೆ ಮನಸ್ಸು ಒಗ್ಗಲಿಲ್ಲ. ಕೊನೆಗೆ ೧೯೮೪ರ ಬೇಸಿಗೆಯಲ್ಲಿ, ಮಾರ್ಗನ್ ಹಿಲ್ಲಿನ ತಮ್ಮ ಮನೆಯಿಂದ ಎರಡು ಮೈಲಿಯಾಚೆ ಪ್ಲಮ್ ತೋಟವಿಟ್ಟುಕೊಂಡಿದ್ದ ಸಿಲ್ವೇರಾ ಎಂಬ ವಿಧುರ ವೃದ್ಧನಿಂದ ಹಳೆಯ ಜೋಡುನಳಿಗೆ ಕೋವಿಯೊಂದನ್ನು ಕೊಂಡರು. ಜೊತೆಗೆ ನಾನೂ ಹೋಗಿದ್ದೆ. ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಅಂಥ ಮಾರಾಟಕ್ಕೆ ಆಗ ಕಾಗದಪತ್ರವೇನೂ ಬೇಕಿರಲಿಲ್ಲ. ಕೈ ಕುಲುಕಿದರೆ ಆಯಿತು. ಕೈ ಬಿಡುವ ಮೊದಲು ಮುದುಕ ಒಂದು ಮಾತು ಕೇಳಿದ. ತನ್ನ ಕಣ್ಣು ಮಂಜಾಗಿದೆ, ಕೋವಿ ಮಾರಿದ್ದು ಗೊತ್ತಾದರೆ ಮಗನಿಗೆ ಕಣ್ಣಿನ ಸಂಗತಿಯೂ ತಿಳಿಯುತ್ತದೆ, ಆಮೇಲೆ ತೋಟ ಮಾರಿಸಿ ತನ್ನನ್ನು ಊರೊಳಗೆ ತಂದು ಕೂರಿಸುತ್ತಾನೆ. ದಯವಿಟ್ಟು ತನ್ನ ಹೆಸರು ಎಲ್ಲೂ ಬರಬಾರದು ಎಂದ. ಬೆಳ್ಯಪ್ಪನವರು ಒಪ್ಪಿ, ಹಬ್ಬಕ್ಕೆ ಊಟಕ್ಕೆ ಬರಲೇಬೇಕೆಂದು ಕರೆದರು. ಕೋವಿ ಕೈ ಬದಲಾಯಿಸಿದ ವರ್ಷ ಹಳೆಯ ಯಜಮಾನ ಬಂದು ಉಣ್ಣಬೇಕಂತೆ. ಕೊಡಗಿನಲ್ಲಿ ಹಾಗುಂಟೋ ಇಲ್ಲವೋ, ಬೆಳ್ಯಪ್ಪನವರ ಶಾಸ್ತ್ರದಲ್ಲಿ ಉಂಟು.

ಸೆಪ್ಟೆಂಬರ್ ಮೂರರ ಹಬ್ಬ ಆ ವರ್ಷ ಲೇಬರ್ ಡೇ ರಜೆಗೇ ಬಿದ್ದಿತ್ತು. ಹಿಂದಿನ ಶನಿವಾರ ಅವರು ಜಗುಲಿಯಲ್ಲಿ ಕೂತು ಕೋವಿಗೆ ಎಣ್ಣೆ ಒರೆಸಿ, ಶೋಭೆ ನೋಡಲೆಂದು ಗಂಧವನ್ನೂ ಹಚ್ಚಿ, ಹೂ ಸಿಕ್ಕಿಸಿ, ಎದುರಿಗೆ ಕೈ ಮುಗಿದರು. ಹೊಸದಾಗಿ ಬಂದಿದ್ದ ನೆರೆಯವರು ಇದನ್ನು ನೋಡಿ ಗಾಬರಿಯಾಗಿ ಪೊಲೀಸರಿಗೆ ಫೋನು ಮಾಡಿದರು. ಬಂದ ಅಧಿಕಾರಿ ಸಭ್ಯ ಮನುಷ್ಯ. ಹೂ ಮುಡಿದ ಕೋವಿಯನ್ನು ಆತ ಜನ್ಮದಲ್ಲಿ ಕಂಡಿರಲಾರ. ಹತ್ತಿರದಲ್ಲೇ ಇಂಥದೇ ಕೋವಿಯೊಂದು ಕಳುವಾಗಿದೆ, ಕಳೆದುಕೊಂಡವರಿಗೆ ಅದರ ನಂಬರು ನೆನಪಿಲ್ಲ, ಆದ್ದರಿಂದ ಮಾರಿದವರು ಯಾರೆಂದು ಹೇಳಿದರೆ ಒಂದು ಫೋನಿನಲ್ಲಿ ಮುಗಿದುಹೋಗುತ್ತದೆ ಎಂದ. ನಂಬರು ಹಿಡಿದು ಹೋದರೆ ಕಾರ್ಖಾನೆ, ಅಲ್ಲಿಂದ ಅಂಗಡಿ, ಅಂಗಡಿಯಿಂದ ಮೊದಲು ಕೊಂಡವನು. ಅಲ್ಲಿಗೆ ದಾಖಲೆ ನಿಂತಿತು. ಆಮೇಲೆ ಕೈಯಿಂದ ಕೈಗೆ ದಾಟಿದ್ದನ್ನು ಕೈ ದಾಟಿಸಿದವರೇ ಹೇಳಬೇಕು.

ಬೆಳ್ಯಪ್ಪನವರು ಹೇಳಲಿಲ್ಲ. ಕೊಂಡವನು ತಾನು, ತನ್ನ ಹೆಸರು ಬೇಕಾದಷ್ಟು ಸಲ ಬರೆದುಕೊಳ್ಳಿ, ಮಾರಿದವರ ಹೆಸರು ಮಾರಿದವರದು ಎಂದರಂತೆ. ಕೋವಿ ಪೊಲೀಸ್ ಕಾರಿನಲ್ಲಿ ಹೋಯಿತು, ಹೂವಿನ ಸಮೇತ.

ಸುದ್ದಿ ಕೇಳಿ ನಾನು ಫ್ರೀವೇ ಹಿಡಿದು ಧಾವಿಸಿದೆ. ನನಗೆ ಕೋಪ ನೆತ್ತಿಗೇರಿತ್ತು. ಕಳವಿನ ಮಾಲು ಕೊಂಡ ಆರೋಪ ಬಂದರೆ ಸರ್ಕಾರಿ ನೌಕರಿ ಉಳಿಯುತ್ತದೆಯೇ? ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಕೂಗಾಡಿದೆ. ಅವರು ನನ್ನ ಕೂಗು ಮುಗಿಯುವವರೆಗೆ ಕಾದರು.

"ಬೇಟೆಗಾರ ಕೋವಿ ಮಾರೋದಂದ್ರೆ ಏನು ಗೊತ್ತುಂಟಾ ಮಾರಾಯ್ರೆ? ನನ್ ಕಣ್ಣು ಹೋಯ್ತು ಅಂತ ಇನ್ನೊಬ್ಬನ ಮುಂದೆ ಒಪ್ಪಿಕೊಳ್ಳೋದು. ಆ ಮನುಷ್ಯ ನನ್ ಮುಂದೆ ಒಪ್ಪಿಕೊಂಡಿದ್ದು, ಊರ ಮುಂದೆ ಅಲ್ಲ. ನೌಕರಿ ಇನ್ನೊಂದು ಸಿಗ್ತದೆ."

ಮೊಂಡುತನದ ಮುಂದೆ ವಾದಿಸಬಹುದು, ಮರ್ಯಾದೆಯ ಮುಂದೆ ಏನು ವಾದಿಸುವುದು?

ಸೋಮವಾರ ನಾವೆಲ್ಲ ಹಬ್ಬಕ್ಕೆ ಹೋದೆವು. ದೀಪದ ಮುಂದೆ ಕೋವಿಯ ಜಾಗದಲ್ಲಿ ತೋಟದ ಕತ್ತರಿ, ಹಾರೆ, ಅಡುಗೆಮನೆಯ ಚಾಕು, ಅಳತೆಯ ಟೇಪು ಸಾಲಾಗಿ ಗಂಧ ಹಚ್ಚಿಸಿಕೊಂಡು ಕೂತಿದ್ದವು. ಅಕ್ಕಿತರಿಯ ಉಂಡೆ ಕಡಂಬುಟ್ಟು ಬೆಂದಿತ್ತು, ಹಂದಿಮಾಂಸದ ಪಂದಿಕರಿಯ ಘಮಲು ಬೀದಿಯವರೆಗೆ ಹರಡಿತ್ತು, ನಮಗೆಂದು ಹುರುಳಿಕಾಯಿ ಪಲ್ಯ ಬೇರೆ. ಸಿಲ್ವೇರಾ ಮುದುಕ ಮಗನ ಕಾರಿನಲ್ಲಿ ಬಂದಿಳಿದು, ಪೂಜೆಯ ಮಣೆಯನ್ನು ಕೈಯಿಂದ ತಡವಿ, ನನ್ನ ಕೋವಿಯೆಲ್ಲಿ ಎನ್ನಲು ಬಾಯಿ ತೆರೆದವನು ಮಗನ ನೆನಪಾಗಿ ಸುಮ್ಮನಾದ. ಬೆಳ್ಯಪ್ಪನವರು ಅವನನ್ನು ಊಟಕ್ಕೆಬ್ಬಿಸುವ ಅವಸರದಲ್ಲಿದ್ದರು. ಅವರ ಹೆಂಡತಿ ದೇಚಮ್ಮನವರು ಮಾತ್ರ ಮುದುಕನನ್ನು ಅಡುಗೆಮನೆಗೆ ಕರೆದೊಯ್ದು, ನಡೆದದ್ದನ್ನೆಲ್ಲ ಹೇಳಿಬಿಟ್ಟರು. ಗಂಡ ಕಣ್ಣು ಕೆಂಪಗೆ ಮಾಡಿದರೆ ಆಕೆಯ ಉತ್ತರ ಸಿದ್ಧವಾಗಿತ್ತು.

"ಪೊಲೀಸ್ನವ್ರಿಗೆ ಹೇಳಬಾರ್ದು ಅಂದ್ರಿ. ಕೋವಿ ಯಜಮಾನ್ರಿಗೇ ಹೇಳಬಾರ್ದು ಅಂತ ಯಾವಾಗ ಅಂದ್ರಿ?"

ಮುದುಕ ಹೊರಗೆ ಬಂದ. ಫೋನು ಕೇಳಿ ತೆಗೆದುಕೊಂಡು, ಮಗನೆದುರೇ ನೆಟ್ಟಗೆ ನಿಂತು, ಆ ಕೋವಿ ತನ್ನದು, ಹಿಡಿಯ ಅಡಿಯಲ್ಲಿ ತನ್ನ ಹೆಂಡತಿಯ ಹೆಸರಿನ ಮೊದಲಕ್ಷರ ಕೆತ್ತಿದೆ ನೋಡಿಕೊಳ್ಳಿ, ಕಣ್ಣು ಕಾಣದ್ದಕ್ಕೆ ಮಾರಿದೆ ಎಂದು ಪೊಲೀಸರಿಗೆ ಹೇಳಿದ. ನಾವೆಲ್ಲ ಮಗನ ಮುಖ ನೋಡಿದೆವು. ಆ ಮಗರಾಯ ತಟ್ಟೆಯಿಂದ ತಲೆ ಎತ್ತಿ, ನಿನ್ನ ಕಣ್ಣಿನ ವಿಷಯ ಎರಡು ವರ್ಷದಿಂದ ಗೊತ್ತು ಅಪ್ಪ, ಹೋದ ಸಲ ನೀನು ಕಾಫಿಗೆ ಉಪ್ಪು ಹಾಕಿಕೊಟ್ಟಾಗ ಕುಡಿದೆನಲ್ಲ, ತೋಟವನ್ನು ಮಾರುವವರು ಯಾರು, ಎಂದು ಇನ್ನೊಂದು ಕಡಂಬುಟ್ಟು ಕೇಳಿದ. ಮುದುಕ ಮೊದಲು ಬೈದ, ಆಮೇಲೆ ಕಣ್ಣೀರು ಬರುವಂತೆ ನಕ್ಕ. ನಮಗೂ ನಗು ತಡೆಯಲಾಗಲಿಲ್ಲ. ನನಗಂತೂ ಆ ಮಧ್ಯಾಹ್ನ ಎದೆ ತುಂಬಿಹೋಗಿತ್ತು.

ಸಂಜೆ ಅಧಿಕಾರಿಯೇ ಕೋವಿ ತಂದುಕೊಟ್ಟು, ಊಟವನ್ನೂ ಮಾಡಿದ. ಹಬ್ಬದ ವಾಡಿಕೆಯಂತೆ ಗುರಿಗೆಂದು ತೆಂಗಿನಕಾಯಿಯೊಂದನ್ನು ಹಿತ್ತಿಲ ಗುಡ್ಡಕ್ಕೆ ಒರಗಿಸಿ ಇಟ್ಟರು. ಮೊದಲ ಗುಂಡು ಹಳೆಯ ಯಜಮಾನನದು. ಬೆಳ್ಯಪ್ಪನವರು ಹಿಂದೆ ನಿಂತು, ಸ್ವಲ್ಪ ಎಡಕ್ಕೆ, ಇನ್ನೊಂದು ಕೂದಲೆಳೆ ಮೇಲಕ್ಕೆ ಎಂದು ಕಿವಿಯಲ್ಲಿ ಹೇಳುತ್ತಿದ್ದರು. ಗುಂಡು ಹಾರಿತು, ಕಾಯಿ ಕದಲಲಿಲ್ಲ. ತಗುಲಿತೇ ಎಂದು ಮುದುಕ ಕೇಳಿದ. ಜನ್ಮದಲ್ಲಿ ಸುಳ್ಳಾಡದ ಬೆಳ್ಯಪ್ಪನವರು, ಕಾಯಿಗೆ ಇನ್ನೂ ಗೊತ್ತಾಗಿಲ್ಲ ಎಂದರು.

ನೋಡಿದ್ದನ್ನೆಲ್ಲ ಹೇಳುವ ನಮ್ಮಂಥವರಿಂದ ಲೋಕದ ಮಾತುಕತೆ ನಡೆಯುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಮನುಷ್ಯನಿಗೆ ತನ್ನ ಸೋಲನ್ನು ಹೇಳಿಕೊಳ್ಳಲು ಒಂದು ಬಾಗಿಲು ಬೇಕಾದಾಗ ಅವನು ನಮ್ಮ ಮನೆಗೆ ಬರುವುದಿಲ್ಲ. ಬೆಳ್ಯಪ್ಪನವರಂಥವರ ಮನೆ ಹುಡುಕಿಕೊಂಡು ಹೋಗುತ್ತಾನೆ. ಅವರು ಕೇಳಿಸಿಕೊಂಡು, ಊಟಕ್ಕೇಳಿ ಎನ್ನುತ್ತಾರೆ.