ಎರಡೂರಿನ ಚಟ್ಟ

ಹೆಣಕ್ಕೆ ಸುತ್ತಿದ ಕಫನಿನ ಕೊನೆಯ ಗಂಟು ಬಿಗಿದು ಮಸೀದಿಯ ಗುರು ಫಕೀಹ ಸೈದ್ ಮೊಣಕಾಲೂರಿ ಎದ್ದರು. ಚಟ್ಟ ತನ್ನಿ ಎಂದರು. ಬಾಗಿಲಲ್ಲಿ ನಿಂತಿದ್ದ ಗಂಡಸರು ಅಲುಗಲಿಲ್ಲ.

"ಚಟ್ಟ ಮಸೀದೀಲಿಲ್ಲ," ಎಂದ ಸತ್ತವನ ಚಿಕ್ಕಪ್ಪ ಮೋಹಾ. "ನಿನ್ನೆ ಬೆಳಿಗ್ಗೆ ತಗೂಂತಿನೋರು ಒಯ್ದರು. ಒಯ್ಯಿರಿ ಅಂದವನೂ ನಾನೇ. ಬಾಸ್ಸೂ ಹೋದ ಸುದ್ದಿ ಆಗಿನ್ನೂ ಬಂದಿರಲಿಲ್ಲ."

"ಅಲ್ಲಿ ಯಾರು ತೀರ್ಕೊಂಡ್ರು?"

"ಯಾರೂ ಇಲ್ಲ. ಯಟ್ಟೂಗೆ ಹೆರಿಗೆ ನೋವು. ಕೂಸು ಅಡ್ಡ ತಿರುಗಿದೆಯಂತೆ."

ಫಕೀಹರು ಗೋಡೆಗೊರಗಿ ಕೂತರು. ಈ ಊರಿಗೂ ಬೆಟ್ಟದ ಮೇಲಿನ ತಗೂಂತಿಗೂ ಇರುವುದು ಒಂದೇ ಚಟ್ಟ. ಅಕ್ರೋಟು ಮರದ್ದು, ನಾಲ್ಕು ಹಿಡಿಕೆಯದು. ಹೆಣಕ್ಕಿಂತ ಬಸುರಿಯರನ್ನು ಹೊತ್ತದ್ದೇ ಹೆಚ್ಚು. ಆಂಬುಲೆನ್ಸ್ ಬಂದ ಮೇಲೆ ಆ ಕೆಲಸ ನಿಂತಿತ್ತು. ಈ ಚಳಿಗಾಲದಲ್ಲಿ ಮತ್ತೆ ಶುರುವಾಗಿತ್ತು.

ಆಂಬುಲೆನ್ಸ್ ಈಗ ಅಂಗಳದಲ್ಲೇ ನಿಂತಿತ್ತು. ಆರು ವರ್ಷ ಅದನ್ನು ಓಡಿಸಿದ ಬಾಸ್ಸೂ ಪೇಟೆಯ ಆಸ್ಪತ್ರೆಯಿಂದ ಈ ಬೆಳಿಗ್ಗೆ ಮೊದಲ ಸಲ ಅದರ ಹಿಂಬದಿಯಲ್ಲಿ ಮಲಗಿ ಊರಿಗೆ ಬಂದಿದ್ದ. ಮುಂದಿನ ಸೀಟಿನಲ್ಲಿ ಪೇಟೆ ಪಂಚಾಯಿತಿಯ ಅಧ್ಯಕ್ಷ ಸೀ ಅಲ್ಲಾಲ್ ಕೂತಿದ್ದರು. ಓಡಿಸಿದವನು ಅವರ ಸೋದರಳಿಯ.

ಒಳಗೆ ಹೆಂಗಸರ ನಡುವೆ ಬಾಸ್ಸೂವಿನ ಹೆಂಡತಿ ತೂದಾ ಬಿಳಿ ಉಟ್ಟು ಕೂತಿದ್ದಳು. ಅವಳು ಇನ್ನೂ ಅತ್ತಿರಲಿಲ್ಲ. ಓದಿದವಳಲ್ಲವೇ ಎಂದು ಯಾರೋ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಿತ್ತು.

"ತಗೂಂತಿನೋರಿಗೆ ಹೆರೋಕೂ ನಮ್ಮ ಚಟ್ಟಾನೇ ಬೇಕು," ಎಂದಳು ಪಕ್ಕದ ಮನೆಯವಳು.

"ನಿನ್ನನ್ನೂ ಅದ್ರ ಮೇಲೇ ಹೊತ್ತು ಇಳಿಸಿದ್ರು ಕಣೇ," ಎಂದಳು ಬಾಸ್ಸೂವಿನ ತಾಯಿ ಇಜ್ಜಾ. "ಇಬ್ರು ಆಳಿನ ತೂಕ ಇದ್ದೆ. ನನ್ನ ಗಂಡನ ಹೆಗಲು ಆಮೇಲೆ ನೆಟ್ಟಗಾಗ್ಲೇ ಇಲ್ಲ."

*

ಐದು ಪಂಚಾಯಿತಿಗಳು ಒಪ್ಪಂದ ಮಾಡಿಕೊಂಡ ವರ್ಷ ಆ ಗಾಡಿ ಬಂತು. ಕಡಲಾಚೆಯ ಯಾವುದೋ ಊರು ತನ್ನ ಹಳೆಯ ಆಂಬುಲೆನ್ಸ್ ಕೊಟ್ಟಿತು, ಸರ್ಕಾರ ಡೀಸೆಲ್ ಕೊಡುತ್ತೇನೆಂದಿತು. ಪೇಟೆ, ಬೆಟ್ಟ ಎಂಬ ಭೇದ ಇನ್ನಿಲ್ಲ ಎಂದು ಸೀ ಅಲ್ಲಾಲ್ ಭಾಷಣ ಮಾಡಿದರು. ಬಾಗಿಲ ಮೇಲಿದ್ದ ಪರದೇಶದ ಊರಿನ ಹೆಸರನ್ನು ಬಾಸ್ಸೂ ದಿನವಿಡೀ ಉಜ್ಜಿದ. ಅಳಿಸಿಹೋಗಲಿಲ್ಲ.

"ಇರ್ಲಿ ಬಿಡು. ಆ ಊರಲ್ಲೂ ಯಾರೋ ಇದ್ರಲ್ಲಿ ಬದುಕಿರ್ತಾರೆ," ಎಂದು ತೂದಾಳಿಗೆ ಹೇಳಿದ.

ಇಬ್ಬರು ಚಾಲಕರು ಎಂದಿತ್ತು ಒಪ್ಪಂದದಲ್ಲಿ. ಎರಡನೆಯವನು ಅಧ್ಯಕ್ಷರ ಸೋದರಳಿಯ. ಬೆಟ್ಟದ ದಾರಿ ತನಗೆ ಆಗಿಬರುವುದಿಲ್ಲ ಎಂದು ಅವನು ಪೇಟೆಯಲ್ಲೇ ಉಳಿದ. ಬಾಸ್ಸೂವಿನ ಫೋನ್ ನಂಬರು ಐದೂ ಪಂಚಾಯಿತಿಗಳ ಮಕ್ಕಳಿಗೆ ಬಾಯಿಪಾಠವಾಯಿತು. ಅವನು ನಿದ್ದೆಹೋದಾಗ ತೂದಾ ಎತ್ತುತ್ತಿದ್ದಳು. ಕರೆಗಳು ಬರುವುದೆಲ್ಲ ಬೆಟ್ಟದಿಂದಲೇ ಆದ್ದರಿಂದ ಅವನು ಗಾಡಿಯನ್ನು ತನ್ನ ಮನೆಯ ಮುಂದೆಯೇ ನಿಲ್ಲಿಸುತ್ತಿದ್ದ.

ಹೋದ ಸುಗ್ಗಿಯಲ್ಲಿ ಮಣ್ಣಿನ ರಸ್ತೆಯಲ್ಲಿ ಅದರ ಅಚ್ಚು ಮುರಿಯಿತು. ರಿಪೇರಿಯಾಗಿ ಬಂದಾಗ ಜೊತೆಗೆ ಹೊಸ ನಿಯಮವೂ ಬಂತು. ಡಾಂಬರು ಮುಗಿಯುವಲ್ಲಿ ಗಾಡಿಯೂ ನಿಲ್ಲಬೇಕು. ಕೆಲಸ ಮುಗಿದ ಮೇಲೆ ಪೇಟೆ ಕಚೇರಿಯ ಎದುರು ಇರಬೇಕು. ಇಲ್ಲದಿದ್ದರೆ ಪೇಟೆ ಒಪ್ಪಂದದಿಂದ ಹೊರಬರುತ್ತದೆ. ಬೆಟ್ಟದ ಪಂಚಾಯಿತಿಗಳೂ ಸಹಿ ಹಾಕಿದವು.

"ಗಾಡಿಗಳಿರೋ ಪೇಟೆಗೇ ಇನ್ನೊಂದು ಗಾಡಿ ಸಿಕ್ತು," ಎಂದು ಬಾಸ್ಸೂ ನಕ್ಕ. ಮರುದಿನದಿಂದ ಸಂತೆಯ ಲಾರಿಯಲ್ಲಿ ಇಳಿದು ಕೆಲಸಕ್ಕೆ ಹೋಗತೊಡಗಿದ.

*

ತೂದಾಳ ಮಡಿಲಲ್ಲಿ ಫೋನ್ ಹೊಡೆದುಕೊಂಡಿತು. ಸತ್ತವನ ಫೋನ್ ಅದು.

"ಬಾಸ್ಸೂ ಅಣ್ಣಾ," ಎಂದಿತು ಆ ಕಡೆಯ ದನಿ. ಯಟ್ಟೂವಿನ ಗಂಡ ಹಮ್ಮಾದಿ. "ಕಣಿವೆ ಬಾಯಿ ಹತ್ರ ಇದೀವಿ. ಹಿಮ ಮಂಡಿವರೆಗೆ ಬರ್ತಿದೆ. ಹೊರೋರ ಕೈ ಸೋತ್ಹೋಗಿದೆ. ಅವಳು ಮಾತಾಡ್ತಿಲ್ಲ. ನಿಯಮ ಗಿಯಮ ಬಿಟ್ಟು ಒಂದು ಸಲ ಬಾ ಅಣ್ಣಾ."

"ನಾನು ತೂದಾ."

"ಅವನ ಕೈಗೆ ಕೊಡು ಅಕ್ಕಾ."

ಅವಳು ಕಫನಿನ ಕಡೆ ನೋಡಿದಳು. "ಅವರು ಬರೋಕಾಗಲ್ಲ. ಅಲ್ಲೇ ಇರಿ. ಗಾಡಿ ಬರುತ್ತೆ."

ಎದ್ದು ಹೊಸ್ತಿಲಿಗೆ ಬಂದಳು. ಗಂಡಸರು ತಲೆ ತಗ್ಗಿಸಿದರು. ಗಾಡಿ ಕಳಿಸಿ ಎಂಬ ಅವಳ ಮಾತು ಮುಗಿಯುವ ತನಕ ಕೇಳಿಸಿಕೊಂಡ ಸೀ ಅಲ್ಲಾಲ್, ಗಾಡಿ ಇಲ್ಲಿಯವರೆಗೆ ಬಂದದ್ದೇ ಸಾವಿನ ಮರ್ಯಾದೆಗೆ ಎಂದರು. ಮುಂದೆ ಹಿಮವಿದೆ, ಮತ್ತೆ ಅಚ್ಚು ಮುರಿದರೆ ಐದು ಪಂಚಾಯಿತಿಗೂ ಗಾಡಿಯಿಲ್ಲ, ಒಬ್ಬಳಿಗಾಗಿ ಎಲ್ಲರನ್ನೂ ಬಿಡಲಾಗುತ್ತದೆಯೇ ಎಂದರು. ದನಿ ಮೆತ್ತಗಿತ್ತು. ಸೋದರಳಿಯ ಬೀಗದಕೈಯನ್ನು ಜೇಬಿಗೆ ಇಳಿಬಿಟ್ಟ.

ತೂದಾ ಆ ಜೇಬನ್ನೇ ನೋಡಿದಳು.

"ಸರಿ ಸೀ ಅಲ್ಲಾಲ್. ಅವಳನ್ನ ತರೋದು ಬೇಡ," ಎಂದಳು. "ಚಟ್ಟ ತಂದುಕೊಡಿ. ಹೊತ್ತು ಮುಳುಗೋದ್ರೊಳಗೆ ನನ್ನ ಗಂಡನ್ನ ಮಣ್ಣು ಮಾಡ್ಬೇಕು."

ಮೋಹಾ ತಲೆಯೆತ್ತಿ ಅವಳನ್ನು ನೋಡಿದ. ಆಮೇಲೆ ಅಧ್ಯಕ್ಷರ ಕಡೆ ತಿರುಗಿದ.

"ಹೌದು. ಸತ್ತೋನನ್ನ ಕಾಯಿಸ್ಬಾರದು. ಪಾಪ ಸುತ್ಕೊಳ್ಳುತ್ತೆ."

"ಸುತ್ಕೊಳ್ಳುತ್ತೆ," ಎಂದರು ಫಕೀಹರು.

ಅಂಗಳದ ತುಂಬ ಅದೇ ಗೊಣಗು ಹಬ್ಬಿತು. ಸೀ ಅಲ್ಲಾಲ್ ಸೋದರಳಿಯನಿಗೆ ಕಣ್ಸನ್ನೆ ಮಾಡಿದರು. ದಾರಿ ತೋರಿಸಲು ಮೋಹಾ ಅವನ ಪಕ್ಕ ಹತ್ತಿದ.

*

ನಿನ್ನೆ ನಸುಕಿನಲ್ಲಿ ಬಾಸ್ಸೂ ಎದೆ ಹಿಡಿದುಕೊಂಡು ಹಾಸಿಗೆಯ ಮೇಲೆ ಕೂತಿದ್ದ. ತೂದಾ ಸೋದರಳಿಯನಿಗೆ ಫೋನ್ ಮಾಡಿದಳು. ಡಾಂಬರಿನ ತುದಿಯಲ್ಲಿ ಬಂದು ನಿಂತಿರುತ್ತೇನೆ ಎಂದ. ಸಿಕ್ಕಿದ್ದು ಸಂತೆಯ ಲಾರಿ. ಕುರಿಗಳ ನಡುವೆ ಇಬ್ಬರೂ ಕೂತರು. ಅವನು ಒಂದು ಕುರಿಗೆ ಒರಗಿ, ಬೆಚ್ಚಗಿದೆ ಎಂದ.

ತಿರುವುಗಳಲ್ಲಿ ಲಾರಿ ಎತ್ತಿ ಕುಕ್ಕುತ್ತಿತ್ತು. ಅವನ ಅಂಗಿಯೊಳಗೆ ಫೋನ್ ಹೊಡೆದುಕೊಂಡಿತು.

"ಎತ್ತು. ತಗೂಂತಿಂದ ಇರ್ಬೇಕು. ಯಟ್ಟೂಗೆ ದಿನ ತುಂಬಿದೆ."

ಅವಳ ಎರಡು ಕೈಯೂ ಅವನನ್ನು ಹಿಡಿದಿದ್ದವು. ಹೊಡೆದುಕೊಂಡು ಹೊಡೆದುಕೊಂಡು ಅದು ನಿಂತಿತು.

ಡಾಂಬರು ಶುರುವಾಗುವಲ್ಲಿ ಆಂಬುಲೆನ್ಸ್ ನಿಂತಿತ್ತು. ಹೇಳಿದ ಮಾತಿಗೆ ಸರಿಯಾಗಿ ಬಂದಿದ್ದ ಸೋದರಳಿಯ ಹಿಂಬಾಗಿಲು ತೆರೆದಿಟ್ಟು ಕಾಯುತ್ತಿದ್ದ. ಅಷ್ಟರಲ್ಲಿ ಕುರಿಗಳು ಬಾಸ್ಸೂವಿನಿಂದ ದೂರ ಸರಿದು ನಿಂತಿದ್ದವು.

*

ಸಂಜೆ ಬಿಸಿಲು ಬೆಟ್ಟದ ನೆತ್ತಿಯಲ್ಲಷ್ಟೇ ಉಳಿದಾಗ ಗಾಡಿ ತಿರುಗಿ ಬಂತು. ಮುಂದಿನ ಒಂದು ದೀಪ ಒಡೆದಿತ್ತು. ಹಿಂಬಾಗಿಲು ತೆರೆದಾಗ ಚಟ್ಟವೂ ಇತ್ತು, ಅದರ ಮೇಲೆ ಕೆಂಪು ಉಣ್ಣೆಯ ನಡುಪಟ್ಟಿಯಿಂದ ಬಿಗಿದಿದ್ದ ಯಟ್ಟೂವೂ ಇದ್ದಳು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಉಸಿರಿತ್ತು, ಕಣ್ಣು ತೆರೆದಿದ್ದವು.

ಇಜ್ಜಾ ಗಾಡಿಯೊಳಗೆ ಹತ್ತಿ ಅವಳ ಹೊಟ್ಟೆಯ ಮೇಲೆ ಕೈಯಿಟ್ಟಳು. ಬಹಳ ಹೊತ್ತು ಇಟ್ಟಳು. ಏನೂ ಹೇಳದೆ ಇಳಿದಳು. ಹಮ್ಮಾದಿ ಕೇಳಲಿಲ್ಲ.

ಪಟ್ಟಿಯ ಒಂದು ಗಂಟು ಬಿಚ್ಚಿ, ಯಟ್ಟೂಳನ್ನು ಗಾಡಿಯ ಹಾಸಿಗೆಗೆ ಸರಿಸಿ ಚಟ್ಟವನ್ನು ಇಳಿಸಿಕೊಂಡರು.

"ಹೇಗೂ ನಾವು ಪೇಟೆಗೇ ಹೋಗ್ತಿದೀವಲ್ಲ," ಎನ್ನುತ್ತ ಸೀ ಅಲ್ಲಾಲ್ ಮುಂದಿನ ಸೀಟು ಹತ್ತಿದರು. ಗಾಡಿ ಇಳಿಜಾರಿಗೆ ತಿರುಗಿತು.

ಹಲಗೆಯ ನಡುವೆ ಕಪ್ಪಗೆ ಒದ್ದೆಯಾಗಿತ್ತು. ಫಕೀಹರು ಬಗ್ಗಿ ನೋಡಿ, ಇದನ್ನು ತೊಳೆಯದೆ ಕಫನ್ ಇಡುವುದು ಹೇಗೆ ಎಂದರು. ತೊಟ್ಟಿಯ ನೀರು ಆಗಲೇ ಗಟ್ಟಿಯಾಗಿತ್ತು. ಬಿಸಿಲಿಳಿದರೆ ಅಗೆದಿಟ್ಟ ಮಣ್ಣೂ ಕಲ್ಲಾಗುತ್ತದೆ.

"ಆರು ವರ್ಷ ಅವರು ಗಾಡಿಯಿಂದ ಇಂಥದೇ ರಕ್ತ ತೊಳೆದರು," ಎಂದಳು ತೂದಾ. "ಅವರಿಗೇನೂ ಹೊಸದಲ್ಲ."

ಫಕೀಹರು ತಮ್ಮ ಉಣ್ಣೆಯ ನಿಲುವಂಗಿ ಕಳಚಿ ಹಲಗೆಯ ಮೇಲೆ ಹಾಸಿದರು. ಅದರ ಮೇಲೆ ಬಾಸ್ಸೂವನ್ನು ಮಲಗಿಸಿದರು.

ಕೆಂಪು ಪಟ್ಟಿಯ ಇನ್ನೊಂದು ಗಂಟು ನೆನೆದು ಹಿಡಿಕೆಗೆ ಕಚ್ಚಿಕೊಂಡಿತ್ತು. ಮೋಹಾ ಚಾಕು ತೆಗೆದ. "ಇರ್ಲಿ ಬಿಡು," ಎಂದು ಇಜ್ಜಾ ಅವನ ಕೈ ಹಿಡಿದಳು.

ನಾಲ್ವರು ಹೆಗಲು ಕೊಟ್ಟರು. ಹೊಸ್ತಿಲು ದಾಟದೆ ತೂದಾ ನೋಡುತ್ತ ನಿಂತಳು. ಕೆಳಗಿನ ತಿರುವಿನಲ್ಲಿ ಗಾಡಿಯ ಸದ್ದು ಇನ್ನೂ ಕೇಳುತ್ತಿತ್ತು. ಬಿಳಿ ಕಫನಿನ ಪಕ್ಕದಲ್ಲಿ ಕೆಂಪು ಪಟ್ಟಿಯ ತುದಿ ತೂಗುತ್ತ, ಹಿಮದ ಮೇಲೆ ಹನಿ ಉದುರಿಸುತ್ತ, ಖಬರಸ್ತಾನದ ದಾರಿಯಲ್ಲಿ ಮೇಲಕ್ಕೆ ಹೋಯಿತು.