ಚಿತ್ತಪ್ಪ ತಟ್ಟಿದ ಚಪ್ಪಾಳೆ

ಗಣಿ ಕಂಪನಿಯ ಮೂರು ಗ್ಯಾರೇಜುಗಳಲ್ಲಿ ಒಂದೇ ಸಾಮಾನಿಗೆ ಮೂರು ಹೆಸರಿದ್ದವು. ಲಾರಿಯ ವಾಟರ್ ಪಂಪಿಗೆ ಹಾಕುವ ರಬ್ಬರಿನ ಉಂಗುರವೊಂದು ಚಿತ್ರದುರ್ಗದಲ್ಲಿ ‘ಸೀಲು’, ಹಿರಿಯೂರಿನಲ್ಲಿ ‘ವಾಷರು’, ಹೊಸದುರ್ಗದಲ್ಲಿ ‘ರಬ್ಬರ್ ಬಳೆ’. ಹಿರಿಯೂರಿನ ಉಗ್ರಾಣದಲ್ಲಿ ಅದು ರಾಶಿ ಬಿದ್ದು ಬಿರುಕು ಬಿಡುತ್ತಿದ್ದರೆ, ಹೊಸದುರ್ಗದಲ್ಲಿ ಅದಿಲ್ಲದೆ ಲಾರಿಗಳು ವಾರಗಟ್ಟಲೆ ನಿಂತಿರುತ್ತಿದ್ದವು. ೧೯೭೭ರಲ್ಲಿ ಕಂಪನಿಯವರು ಸಾಮಾನಿನ ಲೆಕ್ಕವನ್ನೆಲ್ಲ ಬೆಂಗಳೂರಿನ ಕಂಪ್ಯೂಟರಿಗೆ ಒಪ್ಪಿಸಲು ಹೊರಟರು. ಅದಕ್ಕೆ ಬೇಕಾದ ಪ್ರೋಗ್ರಾಮು ಹೇಗಿರಬೇಕೆಂದು ಗ್ಯಾರೇಜಿನವರ ಜೊತೆಯಲ್ಲೇ ಕೂತು ಗೊತ್ತುಮಾಡುವ ಕೆಲಸ ಸರ್ವಮಂಗಳಳ ಪಾಲಿಗೆ ಬಂತು.

ಸರ್ವಮಂಗಳ ಹೊಳಲ್ಕೆರೆಯವಳು. ಲೆಕ್ಕದಲ್ಲಿ ಪದವಿ ಮಾಡಿ, ಬೆಂಗಳೂರಿನಲ್ಲಿ ಪ್ರೋಗ್ರಾಮು ಬರೆಯುವುದನ್ನು ಕಲಿತು, ಕಂಪನಿ ಸೇರಿ ಎರಡು ವರ್ಷವಾಗಿತ್ತು. ಅವಳಿಗೆ ಒಂದು ನಂಬಿಕೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಜನ ತಮಗೆ ಗೊತ್ತಿದ್ದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಂಡರೆ ಕೆಲಸ ತಾನಾಗಿ ನೆಟ್ಟಗಾಗುತ್ತದೆ, ಮುಚ್ಚಿಟ್ಟುಕೊಂಡರೆ ಕೆಡುತ್ತದೆ. ಮೂರು ಗ್ಯಾರೇಜಿನ ಹಿರಿಯರನ್ನು ಜೋಗಿಮಟ್ಟಿ ರಸ್ತೆಯ ಗೆಸ್ಟ್‌ಹೌಸಿಗೆ ಕರೆಸಿ, ಮೊದಲ ದಿನವೇ ಅವರಿಗೂ ಇದನ್ನೇ ಹೇಳಿದಳು.

ಬಂದವರು ಮೂವರು. ಚಿತ್ರದುರ್ಗದ ರೇವಣಸಿದ್ದಪ್ಪ ಮಾತಿನ ಮಲ್ಲ. ಹಿರಿಯೂರಿನ ದೊಡ್ಡತಿಮ್ಮಪ್ಪ ಕೇಳಿದಷ್ಟಕ್ಕೆ ಉತ್ತರ ಕೊಡುವ ಪೈಕಿ. ಹೊಸದುರ್ಗದ ಹೆಡ್ ಮೆಕ್ಯಾನಿಕ್ ಚಿತ್ತಪ್ಪ ಮಾತ್ರ ಬಾಯಿಯನ್ನೇ ಬಿಡಲಿಲ್ಲ. ಹಳೆಯ ಲಾರಿಯ ಯಾವ ಸಾಮಾನು ಹೊಸ ಲಾರಿಯ ಯಾವುದಕ್ಕೆ ಬದಲಾದೀತು ಎಂಬುದು ಅವನಿಗೆ ಗೊತ್ತಿದ್ದಷ್ಟು ಬೇರೆಯವರಿಗೆ ಗೊತ್ತಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು. ಸರ್ವಮಂಗಳ ಏನು ಕೇಳಿದರೂ ಅವನು ಸುಮ್ಮನೆ ನಗುತ್ತಿದ್ದ. ಅಷ್ಟರಲ್ಲಿ ರೇವಣಸಿದ್ದಪ್ಪ ಮುಂದೆ ಬಿದ್ದು, “ಅದೇನಂದ್ರೆ ಮೇಡಂ,” ಎಂದು ಶುರುಮಾಡಿಬಿಡುತ್ತಿದ್ದ.

“ರೇವಣಸಿದ್ದಪ್ಪನೋರೆ, ಅವ್ರನ್ನೂ ಒಂದ್ಮಾತು ಆಡಾಕೆ ಬಿಡ್ರಿ,” ಎಂದು ಅವಳು ಕೊನೆಗೆ ಗದರಿದಳು. ರೇವಣಸಿದ್ದಪ್ಪ ಪೆಚ್ಚಾಗಿ ಕೂತ. ಚಿತ್ತಪ್ಪ ಆಗಲೂ ನಕ್ಕ.

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅಡಿಗೆಯವನ ಕೈಜಾರಿ ಹಿತ್ತಾಳೆಯ ಪಾತ್ರೆಯೊಂದು ಚಿತ್ತಪ್ಪನ ಬೆನ್ನ ಹಿಂದೆಯೇ ಬಿತ್ತು. ಎಲ್ಲರೂ ಬೆಚ್ಚಿ ತಿರುಗಿದರು. ಚಿತ್ತಪ್ಪ ಮುದ್ದೆ ಮುರಿಯುತ್ತಲೇ ಇದ್ದ.

ಊಟವಾದ ಮೇಲೆ ಸರ್ವಮಂಗಳ ಅವನನ್ನು ಜಗಲಿಗೆ ಕರೆದು ಎದುರಿಗೆ ಕೂತಳು. ಅವನು ಅವಳ ತುಟಿಯನ್ನೇ ನೋಡುತ್ತಿದ್ದುದು ಈಗ ಕಂಡಿತು.

“ಕಿವಿ ಕೇಳಲ್ವಾ?” ಎಂದು ಮೆಲ್ಲಗೆ, ಬಿಡಿಬಿಡಿಯಾಗಿ ಕೇಳಿದಳು.

ಅವನು ಆಚೀಚೆ ನೋಡಿ ಹೇಳಿದ: “ಕಂಪ್ರೆಸರ್ ಪಕ್ಕದಾಗೆ ನಿಂತು ನಿಂತು ಹೋಯ್ತು ಮೇಡಂ. ಬಾಯಿ ನೋಡಿ ತಿಳ್ಕಂತೀನಿ. ಇಬ್ರು ಒಟ್ಟಿಗೆ ಮಾತಾಡಿದ್ರೆ ಗೊತ್ತಾಗಲ್ಲ.” ಆಮೇಲೆ, “ಇನ್ನೂ ಆರು ವರ್ಷ ಸರ್ವಿಸ್ ಐತೆ ನಂದು,” ಎಂದ.

ಆ ಕೊನೆಯ ಮಾತನ್ನು ಅವಳು ಕೇಳಿಸಿಕೊಂಡಳು. ಅದರೊಳಗೆ ಒಂದು ಬೇಡಿಕೆ ಇತ್ತೆಂಬುದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಅವಳ ತಲೆಯ ತುಂಬ ಆಗಲೇ ಹೊಸ ಉಪಾಯವೊಂದು ಓಡುತ್ತಿತ್ತು.

ಮರುದಿನದಿಂದ ಸಭೆಯ ರೀತಿಯೇ ಬೇರೆಯಾಯಿತು. ಯಾರೂ ಮೊದಲು ಮಾತಾಡುವಂತಿಲ್ಲ. ಪ್ರತಿಯೊಬ್ಬರೂ ತಮಗೆ ಗೊತ್ತಿದ್ದದ್ದನ್ನು ದಪ್ಪ ಚೀಟಿಯ ಮೇಲೆ ಬರೆದು ಗೋಡೆಗೆ ಅಂಟಿಸಬೇಕು. ಆಮೇಲೆ ಇನ್ನೊಬ್ಬರ ಚೀಟಿ ಓದಿ, ಕೇಳುವುದಿದ್ದರೆ ಅದರ ಕೆಳಗೇ ಬರೆಯಬೇಕು. ಚಿತ್ತಪ್ಪನ ಅಕ್ಷರ ದುಂಡಗಿತ್ತು. ಮೊದಮೊದಲು ಅಂಜಿ ಅಂಜಿ ಬರೆದವನು ಆಮೇಲೆ ಚೀಟಿ ಸಾಲದೆ ಕೇಳಿ ಪಡೆಯತೊಡಗಿದ. ದೊಡ್ಡತಿಮ್ಮಪ್ಪ ಬರೆದ ‘ವಾಷರು’ ಪಕ್ಕದಲ್ಲಿ ತನ್ನ ‘ರಬ್ಬರ್ ಬಳೆ’ಯನ್ನು ಅಂಟಿಸಿ, ಎರಡಕ್ಕೂ ಸೇರಿಸಿ ಪೆನ್ಸಿಲಿನಲ್ಲಿ ಗೀಟೆಳೆದಾಗ ದೊಡ್ಡತಿಮ್ಮಪ್ಪ ಬಿದ್ದುಬಿದ್ದು ನಕ್ಕ. ರೇವಣಸಿದ್ದಪ್ಪನೂ ಗಂಟೆಗಟ್ಟಲೆ ಬಾಯಿ ಮುಚ್ಚಿಕೊಂಡು ಬರೆದ. ವಾರ ಮುಗಿಯುವುದರೊಳಗೆ ಗೋಡೆಯೆಲ್ಲ ಚೀಟಿ, ಚೀಟಿಗಳ ನಡುವೆ ಗೀಟು, ಆ ಗೀಟುಗಳಲ್ಲೇ ಪ್ರೋಗ್ರಾಮಿನ ನಕ್ಷೆ.

ಅಷ್ಟು ಸಂತೋಷ ಅವಳಿಗೆ ಕಂಪನಿ ಸೇರಿದಾಗಿನಿಂದ ಆಗಿರಲಿಲ್ಲ.

ಕೊನೆಯ ದಿನ ಕಂಪನಿಯ ಮ್ಯಾನೇಜರು ಕಚೇರಿಯ ಕೆಲವರೊಂದಿಗೆ ಕಾರಿನಲ್ಲಿ ಬಂದರು. ಗೋಡೆಯ ಉದ್ದಕ್ಕೂ ನಡೆದು ನೋಡಿ, “ಇದೇನಮ್ಮ, ಮಾತಾಡೋದು ಬಿಟ್ಟು ಬರೆಯೋಕೆ ಹಚ್ಚಿದೀರಾ?” ಎಂದರು.

ಸರ್ವಮಂಗಳ ಅವರ ಕಡೆ ತಿರುಗಿ ನಿಂತಳು. ಚಿತ್ತಪ್ಪ ಅವಳ ಬೆನ್ನ ಹಿಂದಿದ್ದ.

“ಇದಕ್ಕೆಲ್ಲ ಕಾರಣ ಚಿತ್ತಪ್ಪನೋರು ಸಾರ್. ಅವ್ರಿಗೆ ಎರಡು ಕಿವೀನೂ ಕೇಳಲ್ಲ. ಅವ್ರಿಗೋಸ್ಕರ ಬರೆಯೋದು ಶುರುಮಾಡಿದ್ವಿ, ಅದರಿಂದ ಎಲ್ರಿಗೂ ಅನುಕೂಲ ಆಯ್ತು. ಈ ಗೋಡೆ ಮೇಲಿರೋದರಲ್ಲಿ ಅರ್ಧ ಅವ್ರು ಕೊಟ್ಟಿದ್ದು.”

ಮ್ಯಾನೇಜರು ಹುಬ್ಬೇರಿಸಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಕಚೇರಿಯಿಂದ ಬಂದಿದ್ದವರೂ ತಟ್ಟಿದರು. ಎಲ್ಲರೂ ತಟ್ಟುವುದನ್ನು ಕಂಡು ಚಿತ್ತಪ್ಪನೂ ಮುಖ ತುಂಬ ನಗುತ್ತ ಚಪ್ಪಾಳೆ ತಟ್ಟಿದ. ರೇವಣಸಿದ್ದಪ್ಪ, ದೊಡ್ಡತಿಮ್ಮಪ್ಪ ಇಬ್ಬರೂ ನೆಲ ನೋಡುತ್ತಿದ್ದರು.

ಕಾರು ಹೋದ ಮೇಲೆ ರೇವಣಸಿದ್ದಪ್ಪ ಅವಳ ಹತ್ತಿರ ಬಂದ. ಅವನ ದನಿ ಅಷ್ಟು ತಗ್ಗಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

“ಯಾಕೆ ಹೇಳಿದ್ರಿ ಮೇಡಂ?”

“ಒಳ್ಳೇದನ್ನೇ ಹೇಳ್ದೆ ಅಲ್ವಾ?”

“ನಮಗೆಲ್ಲ ಗೊತ್ತಿತ್ತು. ಮೂರು ಗ್ಯಾರೇಜಿಗೂ ಗೊತ್ತಿತ್ತು. ಯಾರೂ ಮೇಲಿನೋರ ಮುಂದೆ ಬಾಯಿ ಬಿಟ್ಟಿರ್ಲಿಲ್ಲ.”

ಮೊದಲ ದಿನ ಅವನು ಮಧ್ಯೆ ಮಧ್ಯೆ ಬಾಯಿ ಹಾಕುತ್ತಿದ್ದುದು ಯಾತಕ್ಕೆಂದು ಸರ್ವಮಂಗಳಳಿಗೆ ಆಗ ತಿಳಿಯಿತು.

ತಿಂಗಳೊಪ್ಪತ್ತಿನಲ್ಲಿ ಚಿತ್ತಪ್ಪನನ್ನು ಡಾಕ್ಟರ ಪರೀಕ್ಷೆಗೆ ಕರೆಸಿದರು. ಲಾರಿ ಹಿಂದೆ ಮುಂದೆ ಓಡಾಡುವ ಜಾಗದಲ್ಲಿ ಕಿವುಡನನ್ನು ಇಟ್ಟುಕೊಂಡರೆ ಅಪಾಯ ಎಂದು ಕೆಲಸದಿಂದ ತೆಗೆದರು. ಸರ್ವಮಂಗಳ ಮ್ಯಾನೇಜರ ಮುಂದೆ ಹೋಗಿ ಬೇಡಿಕೊಂಡಳು. ಉಗ್ರಾಣದಲ್ಲಾದರೂ ಕೂರಿಸಿ ಎಂದಳು. “ನೀವು ಹೇಳದೆ ಇದ್ದಿದ್ರೆ ಒಂದು ದಿನ ಅವನ ಪ್ರಾಣಾನೇ ಹೋಗ್ತಿತ್ತು. ಉಪಕಾರಾನೇ ಮಾಡಿದೀರಿ,” ಎಂದರು ಅವರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳು ಬರಿಗೈಯಲ್ಲೇ ಹೊರಬಂದಳು.

ಪ್ರೋಗ್ರಾಮು ನಡೆಯತೊಡಗಿದ ಮೇಲೆ, ಒಂದು ಭಾನುವಾರ ಅವಳು ಹೊಸದುರ್ಗದ ಬಸ್ಸು ಹತ್ತಿದಳು. ಚಿತ್ತಪ್ಪ ಅಂಗಳದಲ್ಲಿ ಯಾರದೋ ತೋಟದ ಪಂಪು ಬಿಚ್ಚಿಕೊಂಡು ಕೂತಿದ್ದ. ಅವಳನ್ನು ಕಂಡು ಎದ್ದು, “ಬರ್ರಿ ಮೇಡಂ, ಕುಂತ್ಕಳ್ರಿ,” ಎಂದು ತಾನೇ ಚಾಪೆ ಹಾಸಿದ. ಒಳಗಿದ್ದ ಹೆಂಡತಿ ಏಕಾಂತಮ್ಮನಿಗೆ ಕಾಫಿ ಇಡಲು ಕೂಗಿ ಹೇಳಿದ.

“ಯಾರೋ ಚಾಡಿ ಹೇಳ್ಯಾರೆ ಮೇಡಂ,” ಎಂದ ಕೂತ ಕೂಡಲೇ. ತನ್ನ ದನಿ ತನಗೇ ಕೇಳದವನ ಏರುದನಿ. “ಆ ರೇವಣಸಿದ್ದಪ್ಪನೇ. ಅವನ ಬಾಯಿ ನಿಲ್ಲಲ್ಲ. ಮೊನ್ನೆ ಬಂದಿದ್ದ, ಬಾಗಿಲ ಒಳಗೆ ಬಿಟ್ಕಳ್ಳಿಲ್ಲ ನಾನು. ಇಪ್ಪತ್ತು ವರ್ಷದ ಗೆಳೆಯ.”

ಅವಳು ಸುಮ್ಮನಿದ್ದಿದ್ದರೆ ತಪ್ಪು ರೇವಣಸಿದ್ದಪ್ಪನ ಮೇಲೇ ಉಳಿಯುತ್ತಿತ್ತು. ಅವಳು ಮುಖ ಎತ್ತಿ, ತುಟಿ ಕಾಣುವ ಹಾಗೆ ಹೇಳಿದಳು: “ರೇವಣಸಿದ್ದಪ್ಪನೋರು ಅಲ್ಲ. ನಾನು.”

ಅವನು ಹಣೆ ಗಂಟಿಕ್ಕಿದ. “ತಿಳೀಲಿಲ್ಲ. ಇನ್ನೊಂದ್ಸಲ ಹೇಳ್ರಿ.”

“ನಾನು ಹೇಳಿದ್ದು. ಮ್ಯಾನೇಜರ ಮುಂದೆ. ಚಪ್ಪಾಳೆ ತಟ್ಟಿದರಲ್ಲ, ಆಗ.”

“ಇನ್ನೊಂದ್ಸಲ.”

ಅವಳು ಮತ್ತೆ ಹೇಳಿದಳು. ಬಾಗಿಲಲ್ಲಿ ಲೋಟ ಹಿಡಿದು ನಿಂತಿದ್ದ ಏಕಾಂತಮ್ಮನಿಗೆ ಮೂರು ಸಲವೂ ಕೇಳಿಸಿತು.

ಚಿತ್ತಪ್ಪ ಅವಳ ತುಟಿಯಿಂದ ಕಣ್ಣು ತೆಗೆದ. “ಹೇಳಾಕೆ ಮುಂಚೆ ನನ್ನ ಒಂದ್ಮಾತು ಕೇಳಿದ್ರೆ ಆಗ್ತಿತ್ತು,” ಎಂದ. ಆಮೇಲೆ ಪಂಪಿನ ಕಡೆ ತಿರುಗಿ ಸ್ಪ್ಯಾನರು ಕೈಗೆತ್ತಿಕೊಂಡ. ಅವನು ಮುಖ ತಿರುಗಿಸಿದ ಮೇಲೆ ಅವನಿಗೆ ಏನನ್ನಾದರೂ ಹೇಳುವ ದಾರಿ ಅವಳಿಗೆ ಉಳಿದಿರಲಿಲ್ಲ. ಅವಳು ಕಾಫಿ ಕುಡಿದು, ಅವನ ಬೆನ್ನಿಗೇ ಕೈಮುಗಿದು, ಏಕಾಂತಮ್ಮನಿಗೆ ಹೇಳಿ ಹೊರಟಳು.

ಮುಂದಿನ ವಾರ ಚಿತ್ತಪ್ಪ ಚಿತ್ರದುರ್ಗಕ್ಕೆ ಬಂದು ರೇವಣಸಿದ್ದಪ್ಪನ ಮನೆಯಲ್ಲಿ ಉಂಡು ಹೋದನೆಂದು ಅವಳಿಗೆ ತಿಳಿಯಿತು. ಕಚೇರಿಯ ಕಡೆಗೆ ಅವನು ಬರಲಿಲ್ಲ.