ಹೊರಗೆ ಬಾ

ಅವನಿಗೆ ಧ್ವನಿ ಇರಲಿಲ್ಲ. ಬಾಟಲಿ, ಬಾಟಲಿ, ಬಾಟಲಿ, ಬಿಳಿ ಬೆಳಕಿನ ಪರದೆಯ ಮುಂದೆ ಒಂದರ ಬೆನ್ನಿಗೊಂದು ಖಾಲಿ ಬಾಟಲಿ ಸಾಗುತ್ತಿದೆ, ಕುತ್ತಿಗೆ ನೋಡು, ಹೊಟ್ಟೆ ನೋಡು, ತಳ ನೋಡು, ಕೂದಲೆಳೆಯಷ್ಟು ಬಿರುಕು ಕಂಡರೂ ಎತ್ತಿ ಪಕ್ಕದ ತೊಟ್ಟಿಗೆ ಹಾಕು, ಇಷ್ಟೇ ಅವನ ಕೆಲಸ, ಇದಕ್ಕೆ ಧ್ವನಿ ಯಾಕೆ ಬೇಕು, ಸೋಡಾ ಕಾರ್ಖಾನೆಯವರು ಸಂಬಳ ಕೊಡುವುದು ಕಣ್ಣಿಗೆ, ಗಂಟಲಿಗಲ್ಲ — ಗಂಟಲು ಮೊನ್ನೆ ಸಂಜೆ ಫುಟ್‌ಬಾಲ್ ಗ್ಯಾಲರಿಯಲ್ಲೇ ಉದುರಿಹೋಯಿತು, ನಾಲ್ಕನೇ ಗೋಲು ಬಿದ್ದ ಮೇಲೆ, ಉಪ್ಪುನೀರು ಮುಕ್ಕಳಿಸಿದ್ದಾಯಿತು, ಅಮ್ಮ ಬಿಸಿನೀರು ಕುಡಿಸಿದ್ದಾಯಿತು, ಬೆಳಿಗ್ಗೆ ಬಾಯಿ ತೆರೆದರೆ ಗಾಳಿ ಬಂತು, ಅಷ್ಟೇ. ಪಂಕ್ಚರ್ ಆದ ಚೆಂಡು ಕಣೋ ನೀನು, ಅಂದ ಮುಚ್ಚಳ, ಮುಚ್ಚಳ ಅಂದರೆ ಮುಂದಿನ ಯಂತ್ರದಲ್ಲಿ ಬಾಟಲಿಗೆ ಮುಚ್ಚಳ ಒತ್ತುವವನು, ಸಂಬಳದ ಚೀಟಿಯಲ್ಲಿ ಬೇರೆ ಹೆಸರಿರಬೇಕು, ಯಾರೂ ಕರೆದದ್ದಿಲ್ಲ. ಗಂಟಲು ಹೋದ್ರೆ ಹೋಗ್ಲಿ ಬಿಡೋ, ಕೊಡೆ ಹೋದ್ನಲ್ಲ. ಕೊಡೆ ಅಂದರೆ ನಮ್ಮ ಕ್ಲಬ್ಬಿನ ಹಳೆಯ ಮ್ಯಾನೇಜರು, ಒಂದು ಹನಿ ಬಿದ್ದರೂ ಕೊಡೆ ಬಿಚ್ಚಿ ಅದರಡಿ ನಿಲ್ಲುವವನು, ಒಂದು ಗೋಲು ಬಿದ್ದರೆ ಬೆಂಚಿನ ಪ್ಲಾಸ್ಟಿಕ್ ಸೂರಿನಡಿ ಸೇರಿಕೊಂಡು ಆಮೇಲೆ ಮುಖವನ್ನೇ ತೋರಿಸದವನು, ಮೂರು ವರ್ಷ ಹೀಗೇ, ಸೋತಾಗ ಒಳಗೆ, ಗೆದ್ದಾಗ ಹೊರಗೆ, ಗೆದ್ದದ್ದೆಷ್ಟು ಸಲ ಹೇಳಿ. ಮೊನ್ನೆ ನಾಲ್ಕನೆಯದು ಬಿದ್ದಾಗ ಸುತ್ತಲೂ ಒಂದು ಗಳಿಗೆ ಮೌನ, ಆ ಮೌನದಲ್ಲಿ ಅವನೇ ಎದ್ದು ನಿಂತದ್ದು, ಅವನ ಬಾಯಿಂದಲೇ ಬಂದದ್ದು, ಹೊರಗೆ ಬಾ — ಮೊದಲು ಅವನೊಬ್ಬನೇ, ಆಮೇಲೆ ಪಕ್ಕದಲ್ಲಿ ಮುಚ್ಚಳ, ಆಮೇಲೆ ಆ ಸಾಲು, ಆ ಬದಿ, ಇಡೀ ಗ್ಯಾಲರಿ, ಹೊರಗೆ ಬಾ, ಹೊರಗೆ ಬಾ, ಕಾಲಡಿಯ ಹಲಗೆ ನಡುಗುವ ಹಾಗೆ, ಅಷ್ಟೂ ಜನರ ಬಾಯಲ್ಲಿ ತನ್ನ ಮಾತು. ಮೈಯೆಲ್ಲ ಬಿಸಿಯಾಗಿತ್ತು. ಆಗಲೇ ಕೆಳಗೆ ಬೆಂಚಿನ ಕೊನೆಯಲ್ಲಿ ಹೆಗಲಿಗೆ ಟವೆಲು ಹಾಕಿಕೊಂಡು ಕೂತಿದ್ದ ಭಾವ, ಅಕ್ಕನ ಗಂಡ, ಆಟಗಾರರಿಗೆ ಮಾಲೀಸು ಮಾಡುವವನು, ಹಿಂದಕ್ಕೆ ತಿರುಗಿದ, ಸಾಲು ಸಾಲು ಮುಖಗಳ ಮೇಲೆ ಕಣ್ಣು ಹರಿಸುತ್ತ ಹರಿಸುತ್ತ ಇವನ ಮುಖಕ್ಕೆ ಬಂದು ನಿಂತ, ಕೈ ಎತ್ತಿದ. ಅಂಗೈ ಇತ್ತ ತೋರಿಸಿ. ಆಮೇಲೆ ಇಳಿಸಿದ.

ಬಾಟಲಿ, ಬಾಟಲಿ, ತಳದಲ್ಲಿ ಗುಳ್ಳೆ, ಗುಳ್ಳೆ ಪರವಾಗಿಲ್ಲ, ಹೋಗಲಿ, ಬಾಟಲಿ. ಬಂದ ಬಂದ, ಕಾರಿಂದ ಇಳಿದ, ಅಂತ ಮುಚ್ಚಳ ಕೂಗುತ್ತಾನೆ, ಕಿವಿಗೆ ಸದ್ದು ತಡೆಯುವ ದಪ್ಪ ಬಟ್ಟಲು, ಅದರೊಳಗೆ ಕದ್ದಿಟ್ಟ ಇಯರ್‌ಫೋನು, ಅದರಲ್ಲಿ ಹೊಸ ಮ್ಯಾನೇಜರು ಕ್ಲಬ್ಬಿನ ಬಾಗಿಲು ದಾಟುತ್ತಿರುವ ಸುದ್ದಿ, ನಿನ್ನೆ ಬೆಳಿಗ್ಗೆ ಹಳಬ ಹೋದ, ಇವತ್ತು ಹೊಸಬ ಬಂದ, ನಡುವೆ ಒಂದು ರಾತ್ರಿ, ಆ ರಾತ್ರಿಯಲ್ಲೇ ಜನ ಅವನಿಗೆ ಹೆಸರೂ ಇಟ್ಟಾಗಿದೆ, ಗಡಿಯಾರ. ಅಭ್ಯಾಸಕ್ಕೆ ತಡವಾಗಿ ಬಂದವನನ್ನು ಗೇಟಿನಿಂದಲೇ ವಾಪಸ್ ಕಳಿಸುತ್ತಾನಂತೆ, ಎಷ್ಟು ದೊಡ್ಡ ಆಟಗಾರನಾದರೂ ಸರಿ, ಅವನ ಹಿಂದಿನ ಕ್ಲಬ್ಬು ಪಟ್ಟಿಯ ತಳದಲ್ಲಿತ್ತಂತೆ, ಕುತ್ತಿಗೆ ಹಿಡಿದು ಮೇಲಕ್ಕೆ ಎತ್ತಿದನಂತೆ, ಅಂತೆ, ಅಂತೆ, ಈ ಅಂತೆಗಳ ಮೇಲೆ ಎಷ್ಟು ಜನ ಇವತ್ತು ನೆಟ್ಟಗೆ ನಿಂತು ಕೆಲಸ ಮಾಡುತ್ತಿದ್ದಾರೆ, ಪೆಟ್ಟಿಗೆ ಎತ್ತುವ ಗಾಡಿಯವನು ಬೆಳಿಗ್ಗೆಯಿಂದ ಸಿಳ್ಳೆ ಹಾಕುತ್ತಿದ್ದಾನೆ, ಅವನು ಸಿಳ್ಳೆ ಹಾಕಿ ಯಾವ ಕಾಲವಾಯಿತು. ಇನ್ನಾದರೂ ನಮ್ಮ ಎಡಗಾಲಿನ ಹುಡುಗನನ್ನು ಎಡಗಡೆ ಆಡಿಸುತ್ತಾರೆ, ಅಷ್ಟು ಸಾಕು, ಕಪ್ ಯಾರು ಕೇಳಿದರು, ಕಪ್ ಅಪ್ಪನ ಕಾಲದಲ್ಲಿ ಬಂದದ್ದು, ಅದರ ಚಿತ್ರ ಕೂಡ ಬಣ್ಣದ್ದಲ್ಲ, ಕೆಳಗಿನ ದರ್ಜೆಗೆ ಬೀಳದಿದ್ದರೆ ಸಾಕು — ಹಾಗಂದುಕೊಂಡ ಮರುಗಳಿಗೆಯೇ ಯಾಕೆ ಸಾಕು, ಯಾಕೆ ಕಪ್ ಬೇಡ, ಗಡಿಯಾರ ಬಂದಿದ್ದಾನಲ್ಲ. ಏನ್ರಪ್ಪಾ ಸಂಭ್ರಮ, ಅಂತ ಸೂಪರ್‌ವೈಸರ್ ಬಂದು ನಿಲ್ಲುತ್ತಾನೆ, ನದಿಯಾಚೆಯ ಕ್ಲಬ್ಬಿನವನು, ಆ ಕ್ಲಬ್ಬಿನ ಬಣ್ಣದ ಪೆನ್ನನ್ನೇ ಜೇಬಿಗೆ ಸಿಕ್ಕಿಸಿಕೊಳ್ಳುವವನು, ನಾನು ಬನಿಯನ್ ಬದಲಾಯಿಸೋದಕ್ಕಿಂತ ಜಾಸ್ತಿ ಸಲ ಮ್ಯಾನೇಜರನ್ನ ಬದಲಾಯಿಸ್ತೀರಲ್ರೋ. ನೀವು ಬನಿಯನ್ ಬದಲಾಯಿಸಲ್ಲ ಅಂತ ವಾಸನೆಯಿಂದಾನೇ ಗೊತ್ತಾಗುತ್ತೆ ಸಾರ್, ಅಂತ ಮುಚ್ಚಳ, ನಗು, ಯಂತ್ರದ ಸದ್ದಿನಲ್ಲಿ ನಗುವವರ ಬಾಯಿ ಮಾತ್ರ ಕಾಣುತ್ತದೆ. ಇವನಿಗೇನಾಯ್ತು, ಬಾಯಿಗೂ ಮುಚ್ಚಳ ಒತ್ತಿದ್ಯಾ. ಅಯ್ಯೋ ಸಾರ್, ಗೌರವ ಕೊಟ್ಟು ಮಾತಾಡಿ, ಕೊಡೇನ ಓಡಿಸಿದ್ದೇ ಇವನು, ಮೊದಲು ಶುರು ಮಾಡಿದ್ದು ಇವನೇ, ನಾನು ಪಕ್ಕದಲ್ಲೇ ಇದ್ದೆ, ಕೇಳಿ ಬೇಕಾದರೆ. ಅವನು ನಕ್ಕ. ನಗಲು ಧ್ವನಿ ಬೇಕಿಲ್ಲ. ನಕ್ಕದ್ದು ನಿಜ, ಖುಷಿಯಾದದ್ದೂ ನಿಜ, ಬೆನ್ನಿಗೆ ಬಿದ್ದ ಗುದ್ದು ಹಿತವಾಗಿತ್ತು — ಭಾವ ಕೈ ಎತ್ತಿದ್ದು ಯಾಕೆ. ಸಾಕು ಮಾಡು ಅಂತಲಾ. ನೀನೂನಾ ಅಂತಲಾ. ಸುಮ್ಮನೆ ಗುರುತು ಸಿಕ್ಕಿತು ಅಂತಲಾ, ಬಸ್ಸಿನಲ್ಲಿ ಕಂಡವರಿಗೆ ಎತ್ತುವ ಹಾಗೆ. ಅಂಗೈ ಇತ್ತ ತೋರಿಸಿ ಯಾರು ಗುರುತು ಹೇಳುತ್ತಾರೆ, ಅದು ಟ್ರಾಫಿಕ್ಕಿನವನ ಕೈ.

ಪೂರ್ತಿ ಸೆಟ್ಟೇ ತರ್ತಿದಾನಂತೆ ಕಣೋ. ಮುಚ್ಚಳ ಮತ್ತೆ. ಸಹಾಯಕ, ಗೋಲ್‌ಕೀಪರಿಗೆ ಬೇರೆ ಕೋಚು, ಅಡುಗೆಯವನೂ ಸೇರಿ ಎಲ್ಲ ತನ್ನ ಜನ, ಹಳೇ ಕಸ ಒಂದೂ ಬೇಡ ಅಂದನಂತೆ, ಅದು ಗಂಡಸಿನ ಮಾತು. ಗಾಡಿಯವನ ಸಿಳ್ಳೆ. ನಿಮ್ಮ ಭಾವ ಏನಂತಾರೋ, ಒಳಗಿನ ಸುದ್ದಿ ಹೇಳೋ — ಅವನು ಗಂಟಲು ಮುಟ್ಟಿ ತೋರಿಸುತ್ತಾನೆ. ಬಾಟಲಿ. ಬಾಟಲಿ. ಹಳೇ ಕಸ. ಅಲ್ಲ, ಮಾಲೀಸು ಮಾಡುವವರನ್ನು ಯಾರಾದರೂ ಬದಲಾಯಿಸುತ್ತಾರಾ, ಹುಲ್ಲು ಕತ್ತರಿಸುವವನನ್ನು ಬದಲಾಯಿಸುತ್ತಾರಾ, ಗೇಟಿನವನನ್ನು, ಕಾಲು ಯಾವ ಮ್ಯಾನೇಜರ ಕಾಲದಲ್ಲೂ ಕಾಲೇ ತಾನೆ, ಹಿಡಿದುಕೊಂಡ ಮೀನಖಂಡಕ್ಕೆ ಕೊಡೆ ಯಾರು ಗಡಿಯಾರ ಯಾರು ಅಂತ ಗೊತ್ತಾ, ಭಾವನ ಹೆಬ್ಬೆರಳಿಗೆ ಗೊತ್ತು ಅಷ್ಟೇ. ಆ ಹೆಬ್ಬೆರಳು. ದಿನವಿಡೀ ಎಡದಿಂದ ಬಲಕ್ಕೆ ಬಾಟಲಿ ನೋಡಿ ನೋಡಿ ಅವನ ಕತ್ತು ಬಲಕ್ಕೇ ಸೆಟೆದು ನಿಲ್ಲುವಾಗ ಭಾವ ಮೆಟ್ಟಿಲ ಮೇಲೆ ಕೂರಿಸಿ ಹಿಂದಿನಿಂದ ಒತ್ತುತ್ತಾನೆ, ಎಣ್ಣೆಯ ಘಾಟು ವಾಸನೆ, ಇಲ್ಲಿ ಗಂಟು, ಇಲ್ಲೊಂದು, ಏನಯ್ಯಾ ಕತ್ತಿನಲ್ಲಿ ಗೋಲಿ ಸೋಡಾ ಇಟ್ಕೊಂಡಿದೀಯ, ಎಡಕ್ಕೂ ಸ್ವಲ್ಪ ನೋಡು ಮಾರಾಯ, ಪ್ರಪಂಚ ಆ ಕಡೇನೂ ಇದೆ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮುರಿದು ಕೂಡಿದ ಕೈಕಾಲು ನೀವುತ್ತಿದ್ದ ಭಾವ, ಅಲ್ಲಿಗೆ ಸೊಂಟ ಹಿಡಿದುಕೊಂಡು ಬಂದ ಕೊಡೆ, ಬಗ್ಗಿಕೊಂಡು ಬಂದವನು ನೆಟ್ಟಗೆ ನಡೆದುಕೊಂಡು ಹೋದನಂತೆ, ಹೋಗುವಾಗ ಬಾಗಿಲಲ್ಲಿ ನಿಂತು ಅಂದನಂತೆ, ಬಾ ನನ್ನ ಜತೆ, ನಾನಿರೋ ತನಕ ನೀನಿರು. ಅಮ್ಮನಿಗೆ ಆ ಮಾತು ಬಾಯಿಪಾಠ. ಎದುರುಮನೆಯವರಿಗೆ, ಹಾಲಿನವನಿಗೆ, ಮೀಟರ್ ನೋಡಲು ಬಂದವನಿಗೂ ಹೇಳಿದ್ದಾಳೆ, ನಾನಿರೋ ತನಕ ನೀನಿರು ಅಂದ್ರಂತೆ ನಮ್ಮ ಅಳಿಯಂದಿರಿಗೆ, ಎಂಥ ಮಾತು ನೋಡಿ. ಎಂಥ ಮಾತು. ಆಟಗಾರ ಬಿದ್ದಾಗ ಭಾವ ಚೀಲ ಹಿಡಿದು ಮೈದಾನಕ್ಕೆ ಓಡುತ್ತಾನೆ, ಟಿವಿಯಲ್ಲಿ ಬರುವುದು ಅಷ್ಟೇ ಹೊತ್ತು, ಅಕ್ಕ ಒಲೆ ಬಿಟ್ಟು ಓಡಿ ಬರುತ್ತಾಳೆ, ಯಾರಾದ್ರೂ ಬಿದ್ರೇನೇ ನನ್ನ ಗಂಡನ ಮುಖ ಕಾಣೋದು, ಇನ್ನೊಬ್ಬ ಬೀಳ್ಲಪ್ಪ. ಭಾವನಿಗೆ ಪ್ರತಿ ಆಟಕ್ಕೆ ಎರಡು ಪಾಸು, ಸರಿಯಾಗಿ ಬೆಂಚಿನ ಹಿಂದೆ, ಗ್ಯಾಲರಿಯ ಮೇಲಿನ ಸಾಲು, ಒಂದು ಇವನಿಗೆ, ಒಂದು ಮುಚ್ಚಳನಿಗೆ. ಆ ಪಾಸಿನ ಕುರ್ಚಿಯ ಮೇಲೆಯೇ ಹತ್ತಿ ನಿಂತದ್ದು. ಹೊರಗೆ ಬಾ. ಮನೆಯಲ್ಲಿ ಮೂರು ವರ್ಷದಿಂದ ಕೇಳಿದ ಮಾತು ಅಲ್ಲಿ ನೆನಪಾಗಬೇಡವೇ, ಆಗಲಿಲ್ಲ, ಆಟ ನೋಡುವವನಿಗೆ ಕಾಣುವುದು ಬಣ್ಣ ಎರಡು, ಬೆಂಚಿನಲ್ಲಿ ಕೂತವನು ಒಬ್ಬನೇ, ಅವನು ಹೋದರೆ ಒಬ್ಬ ಹೋದ, ಲೆಕ್ಕ ಮುಗಿಯಿತು. ಬಾಟಲಿ. ಕುತ್ತಿಗೆಯಲ್ಲಿ ಗೆರೆಯೋ ಬೆಳಕೋ, ಹೋಯಿತು, ಆಗಲೇ ಮುಂದೆ ಹೋಯಿತು. ಇಲ್ಲ, ಭಾವನ ಕೈ ಒಂದು ಸಲ ಸೊಂಟಕ್ಕೆ ಬಿದ್ದರೆ ಗಡಿಯಾರವೂ ಬಿಡುವುದಿಲ್ಲ. ಅವನಿಗೂ ಒಂದು ಸೊಂಟ ಇರಬೇಕಲ್ಲ. ನೋಯಲಿ. ಇವತ್ತೇ ನೋಯಲಿ. ಗಡಿಯಾರವೂ ಬೇಕು ಭಾವನೂ ಬೇಕು ಅಂದರೆ ಅತಿಯಾಸೆಯಾ, ಎಡಗಾಲಿನ ಹುಡುಗ ಬೇಡ, ಕಪ್ ಬೇಡ, ಕೆಳಗಿನ ದರ್ಜೆಗೆ ಬಿದ್ದರೂ ಬೀಳಲಿ — ಥೂ, ಏನು ಯೋಚನೆ ಇದು, ಆದರೆ ಬೀಳಲಿ.

ಗಂಟೆ ಹೊಡೆಯುತ್ತದೆ. ಬೆಳಕಿನ ಮುಂದೆ ಒಬ್ಬರೇ ಹೆಚ್ಚು ಹೊತ್ತು ಕೂರುವಂತಿಲ್ಲ, ಕಣ್ಣು ನೋಡುವುದನ್ನು ಬಿಟ್ಟು ತಾನೇ ಏನೇನೋ ಕಾಣತೊಡಗುತ್ತದೆ, ಬದಲಿಯವನು ಬಂದು ಕೂರುತ್ತಾನೆ, ಇವನು ಎದ್ದು ಹಸಿರು ಬಾಗಿಲು ತಳ್ಳಿ ಕೆಲಸದವರು ಸಾಮಾನಿಡುವ ಪೆಟ್ಟಿಗೆಗಳ ಕೋಣೆಗೆ ಬರುತ್ತಾನೆ, ಕಣ್ಣು ಮುಚ್ಚಿದರೂ ಬಾಟಲಿಗಳು ಸಾಗುತ್ತಿವೆ, ಗೋಡೆಯ ಮೇಲೆ ಸಾಗುತ್ತಿವೆ, ಪೆಟ್ಟಿಗೆಯ ಬೀಗ ತೆಗೆದರೆ ಒಳಗೆ ಫೋನು ಅಲುಗುತ್ತಿದೆ, ಅಕ್ಕ. ಬೆಳಿಗ್ಗೆ ಹೊರಡುವಾಗ ಅಕ್ಕ ಭಾವ ಇರುವ ಮಹಡಿಯಲ್ಲಿ ದೀಪ ಇತ್ತು, ಹತ್ತಿ ಹೋಗಬೇಕೆನಿಸಿತು, ಹತ್ತಲಿಲ್ಲ, ಭಾವ ನಿನ್ನೆಯೂ ಇಡೀ ದಿನ ಕ್ಲಬ್ಬಿನಲ್ಲಿ, ಕೊಡೆಯನ್ನು ಕಳಿಸಿಕೊಡಲು ಹೋದವನು, ಬಂದಾಗ ಇವನು ಮಲಗಿದ್ದ, ಮಲಗಿದ ಹಾಗೆ ಇದ್ದ. ಹಲೋ, ಅಂತಾಳೆ ಅಕ್ಕ. ಅವನು ಗಾಳಿ ಬಿಡುತ್ತಾನೆ. ಹಲೋ, ಲೋ, ಗಂಟಲು ಇನ್ನೂ ಬಂದಿಲ್ವಾ, ಸರಿ ಸುಮ್ನೆ ಕೇಳಿಸ್ಕೋ, ಭಾವ ಫೋನ್ ಮಾಡಿದ್ರು, ಹೊರಗೆ ಬಂದ್ರಂತೆ. ಹೊಸ ಮ್ಯಾನೇಜರು ಬಂದು ಕೂತಿದ್ದೂ ಇಲ್ಲ, ಕೈ ಕುಲುಕಿದ್ದೂ ಇಲ್ಲ, ಯಾರೋ ಕೋಟಿನವನು ಬಂದು ಹೇಳಿದನಂತೆ, ಹಳಬರ ಜತೆ ಬಂದವರೆಲ್ಲ ಕೀಲಿ ಕೊಟ್ಟು ಹೋಗಬಹುದು ಅಂತ. ಚೀಲ ಕ್ಲಬ್ಬಿಂದಂತೆ, ಅದನ್ನೂ ಇಟ್ಕೊಂಡ್ರು, ಎಣ್ಣೆ ಬಾಟಲಿ ಮಾತ್ರ ನಂದು ಅಂತ ಕೇಳಿ ಇಸ್ಕೊಂಡ್ರಂತೆ, ಅದನ್ನ ಜೇಬಲ್ಲಿ ಹಾಕ್ಕೊಂಡು ನಿಂತಿದಾರೆ ಬಸ್ಸಿಗೆ. ಅಮ್ಮಂಗೆ ಇನ್ನೂ ಹೇಳಿಲ್ಲ, ನೀನೂ ಹೇಳ್ಬೇಡ, ನೀನೇನು ಹೇಳ್ತೀಯ ಬಿಡು ಧ್ವನಿ ಇಲ್ದೋನು. ನಗುತ್ತಾಳಾ ಅಳುತ್ತಾಳಾ, ಮೂಗೆಳೆಯುವ ಸದ್ದು, ನಲ್ಲಿಯ ಸದ್ದು, ಪಾತ್ರೆ. ಆಸ್ಪತ್ರೆಯವರು ವಾಪಸ್ ತಗೋತಾರೇನೋ ನೋಡ್ಬೇಕು, ಅಲ್ಲಿ ಆ ಜಾಗಕ್ಕೆ ಈಗ ಮಿಷನ್ ಬಂದಿದೆಯಂತೆ. ಇಡ್ಲಾ. ಅಯ್ಯೋ ಒಂದು ಮರೆತೆ, ಅವರು ಕೇಳ್ತಿದ್ರು, ಮೊನ್ನೆ ಆಟದಲ್ಲಿ ನೀನು ಯಾಕೆ ಕರೆದೆ ಅಂತ. ಆ ಗದ್ದಲದಲ್ಲಿ ನೀನು ಎದ್ದು ನಿಂತು ಭಾವಾ ಭಾವಾ ಅಂತ ಕೂಗ್ತಿದ್ದೆಯಂತೆ, ಕೇಳಿಸ್ಲಿಲ್ಲ, ಬಾಯಿ ಕಾಣಿಸ್ತಂತೆ. ಪಾಪ ಏನಾಗಿತ್ತೋ ಅವನಿಗೆ, ಆಟ ನಡೀತಿತ್ತಲ್ಲ, ಏಳೋ ಹಾಗಿರಲಿಲ್ಲ, ಇರು ಬರ್ತೀನಿ ಅಂತ ಕೈ ತೋರಿಸಿದೆ, ಆಮೇಲೆ ಎಲ್ಲಾ ಗಲಾಟೆ ಆಗಿ ಮರೆತೇ ಹೋಯ್ತು ಅಂದ್ರು. ಏನಕ್ಕೋ ಕರೆದೆ. ಹಲೋ. ಕತ್ತು ಹಿಡ್ಕೊಂಡಿತ್ತಾ.

ಬಾಗಿಲ ಹಸಿರಿನ ನಡುವೆ ಚೌಕ ಗಾಜು, ಗಾಜಿನಲ್ಲಿ ಅವನ ಮುಖ, ಬಾ ಅನ್ನುತ್ತಾನೆ, ತುಟಿ ಮುಚ್ಚಿ ತೆರೆಯುತ್ತದೆ, ಭಾವಾ ಅನ್ನುತ್ತಾನೆ, ತುಟಿ ಮುಚ್ಚಿ ತೆರೆಯುತ್ತದೆ, ಬಾ, ಭಾವಾ, ಬಾ, ಒಂದೇ ಬಾಯಿ, ಧ್ವನಿ ಇಲ್ಲದಿದ್ದರೆ ಒಂದೇ ಬಾಯಿ, ಗಾಜಿನಾಚೆ ಮುಚ್ಚಳ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಾನೆ, ಹೊಸಬ ಸಹಿ ಹಾಕಿದನೇನೋ, ಗಾಡಿಯವನು ಹಾರ್ನು ಒತ್ತುತ್ತಿದ್ದಾನೆ, ಸೂಪರ್‌ವೈಸರ್ ಕೂಡ ನಗುತ್ತಿದ್ದಾನೆ, ಗಂಟೆ, ಅವನು ಒಳಗೆ ಬಂದು ಕೂರುತ್ತಾನೆ. ನೋಡ್ದ್ಯಾ ಬಂದೇಬಿಟ್ಟ, ಅಂತ ಬೆನ್ನಿಗೆ ಗುದ್ದು, ಶನಿವಾರ ಬೇಗ ಹೋಗೋಣ ಕಣೋ, ಪಾಸು ತಾನೆ, ನಮ್ಮ ಜಾಗ ಎಲ್ಲೂ ಹೋಗಲ್ಲ ಬಿಡು. ಬಾಟಲಿ. ಬಾಟಲಿ. ಶನಿವಾರ ಬೆಂಚಿನ ಕೊನೆಯಲ್ಲಿ ಯಾರೋ ಕೂತಿರುತ್ತಾನೆ, ಅವನ ಹೆಗಲ ಮೇಲೂ ಟವೆಲು ಇರುತ್ತದೆ, ಅವನು ತಿರುಗಿ ನೋಡುವುದಿಲ್ಲ, ಅವನಿಗೆ ಇಲ್ಲಿ ಯಾರಿದ್ದಾರೆ ತಿರುಗಿ ನೋಡಲು. ಬಾಟಲಿ, ಕುತ್ತಿಗೆ, ಹೊಟ್ಟೆ, ತಳ, ಅದರ ಹಿಂದೆ ಬೆಳಕು, ಬೆಳಕಿನಲ್ಲಿ ಕೈ. ಸಂಜೆ ಮನೆಗೆ ಹೋದರೆ ಮೆಟ್ಟಿಲ ಮೇಲೆ ಭಾವ ಕೂತಿರುತ್ತಾನೆ, ಏನಯ್ಯಾ ಕರೆದಿದ್ದೆಯಲ್ಲ ಅನ್ನುತ್ತಾನೆ, ಕತ್ತು ಇತ್ತ ತಿರುಗಿಸು ಅನ್ನುತ್ತಾನೆ, ಎಣ್ಣೆ ಬಾಟಲಿ ಜೇಬಿನಲ್ಲೇ ಇದೆ. ಅಷ್ಟರಲ್ಲಿ ತನ್ನ ಧ್ವನಿ ಬಂದಿರಬಾರದು. ಬಾಟಲಿ. ಎತ್ತಬೇಕಿತ್ತು, ಬಿರುಕಿತ್ತು, ಹೋಯಿತು. ಅಂಗೈ ಇತ್ತ ತೋರಿಸಿ. ಇರು, ಬರ್ತೀನಿ. ಅಂಗೈ. ಮುಂದಿನ ಯಂತ್ರದಲ್ಲಿ ಗಾಜು ಚಟ್ಟನೆ ಸಿಡಿದ ಸದ್ದಿಗೆ ಬಾಟಲಿಯ ಸಾಲು ನಿಂತಿತು, ಯಾರೋ ಅವನನ್ನು ಬೈಯುತ್ತಿದ್ದಾರೆ, ಬೆಳಕು ಹಾಗೇ ಇದೆ, ಬೆಳಕಿನಲ್ಲಿ ಎತ್ತಿದ ಕೈ ಹಾಗೇ ಇದೆ, ಇಳಿಯುತ್ತಿಲ್ಲ. ಕೊಡೆಯ ಜತೆ ಹೊರಗೆ ಬಂದವರು ಸಹಾಯಕ ಒಬ್ಬ, ಗೋಲ್‌ಕೀಪರ್ ಕೋಚು ಒಬ್ಬ, ಮಾಲೀಸಿನವನು ಒಬ್ಬ. ಒಟ್ಟು ಮೂರು.